ಊರಿನ ಗ್ರಂಥಾಲಯದಲ್ಲಿ ಊರಿನ ಚರಿತ್ರೆ: ಗ್ರಂಥಪಾಲಕರಿಗೊಂದು ಕೈಪಿಡಿ

ತಾಲ್ಲೂಕು ಕೇಂದ್ರದ ಶಾಖಾ ಗ್ರಂಥಾಲಯದಲ್ಲೋ ಪದವಿ ಕಾಲೇಜಿನಲ್ಲೋ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೋ ಕೆಲಸ ಮಾಡುತ್ತಾ, ತಮ್ಮ ಸೀಮೆಯ ಚರಿತ್ರೆಯ ಬಗ್ಗೆ ಒಲವು ಇಟ್ಟುಕೊಂಡಿರುವ ಗ್ರಂಥಪಾಲಕರಿಗಾಗಿ ಈ ಬರಹ. ಗ್ರಂಥಾಲಯದ ಆಡಳಿತ, ಚರಿತ್ರೆಯ ಸಂಶೋಧನೆ, ಊರಿನ ಜನರ ಸೇವೆ, ಈ ಮೂರನ್ನೂ ಒಬ್ಬರೇ ಹೊತ್ತುಕೊಂಡರೆ ಯಾವುದೂ ದಡ ಸೇರದು ಎಂಬ ಅಳುಕು ಸಹಜವಾದದ್ದು. ಆದರೆ ಈ ಮೂರೂ ಒಂದೇ ಮೇಜಿನ ಮೇಲಿರುವ ಒಂದೇ ದಾಖಲೆ ಪುಸ್ತಕದಿಂದ ಹೊರಡುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ. ಗ್ರಂಥಾಲಯಕ್ಕೆ ಬಂದ ಒಂದು ಹಳೆಯ ಕಾಗದವನ್ನು ಯಾರು ಕೊಟ್ಟರು, ಅದು ಯಾವ ಮನೆಯ ಯಾವ ಕಟ್ಟಿನಲ್ಲಿತ್ತು, ಯಾವ ಸ್ಥಿತಿಯಲ್ಲಿ ಕೈಗೆ ಬಂತು, ಅದರಲ್ಲಿ ಏನಿದೆ ಎಂಬುದನ್ನು ತಪ್ಪದೆ ಬರೆದಿಡುವುದು ಒಳ್ಳೆಯ ಆಡಳಿತ. ಅದೇ ಬರಹ ಚರಿತ್ರೆಯ ವಿದ್ವತ್ತಿನ ಮೊದಲ ಹೆಜ್ಜೆಯೂ ಹೌದು. ಆ ಕಾಗದವನ್ನು ಬೇಕಾದವರಿಗೆ ಬೇಕಾದ ದಿನ ತೆಗೆದುಕೊಡಲು ಸಾಧ್ಯವಾಗುವುದೂ ಅದರಿಂದಲೇ.

ಇದಕ್ಕೆ ಮೈಸೂರಿನಲ್ಲೇ ದೊಡ್ಡ ನಿದರ್ಶನವಿದೆ. 1891ರಲ್ಲಿ ಸ್ಥಾಪನೆಯಾದ, ಇಂದು ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದು ಕರೆಯಲಾಗುವ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗ್ರಂಥಪಾಲಕರಾಗಿದ್ದರು. ಓಲೆಗರಿಗಳನ್ನು ಓದಿ, ವಿಂಗಡಿಸಿ, ಪಟ್ಟಿಗೆ ಸೇರಿಸುವುದು ಅವರ ದಿನನಿತ್ಯದ ಕೆಲಸವಾಗಿತ್ತು. ಆ ಕೆಲಸದ ನಡುವೆಯೇ, ಶತಮಾನಗಳಿಂದ ಹೆಸರು ಮಾತ್ರ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯೊಂದನ್ನು, ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎಂಬ ಲಿಪಿಯಲ್ಲಿದ್ದುದನ್ನು, ಅವರು ಗುರುತಿಸಿದರು. 1909ರಲ್ಲಿ ಸಂಸ್ಕೃತ ಪಾಠವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಮುಂದೆ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರೂ ಆದರು. ಪಟ್ಟಿ ಮಾಡುವ ಶ್ರಮವನ್ನು ಗುಮಾಸ್ತಿಕೆಯೆಂದು ಹಗುರವಾಗಿ ಕಂಡಿದ್ದರೆ ಆ ಕಟ್ಟು ಇನ್ನೆಷ್ಟು ಕಾಲ ಕಪಾಟಿನಲ್ಲೇ ಉಳಿಯುತ್ತಿತ್ತೋ ಹೇಳಲಾಗದು. ಇದೇ ಪ್ರಸಂಗದ ಇನ್ನೊಂದು ಮುಖವನ್ನೂ ಗಮನಿಸಬೇಕು. ಆ ಓಲೆಗಳನ್ನು ಗ್ರಂಥಾಲಯಕ್ಕೆ ಒಪ್ಪಿಸಿದವರನ್ನು ನಾವು ಇಂದಿಗೂ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಎಂದಷ್ಟೇ ಸ್ಮರಿಸುತ್ತೇವೆ. ಕೊಟ್ಟವರ ಹೆಸರನ್ನು ಬರೆದುಕೊಳ್ಳುವುದು ಏಕೆ ಮುಖ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೊದಲು ಗ್ರಂಥಾಲಯ ನೆಟ್ಟಗೆ ನಡೆಯಲಿ

ಚರಿತ್ರೆಯ ಉತ್ಸಾಹದಲ್ಲಿ ದಿನದ ಸೇವೆಯನ್ನು ಕಡೆಗಣಿಸಬೇಡಿ. ಬಾಗಿಲು ಹೇಳಿದ ಹೊತ್ತಿಗೆ ತೆರೆಯಬೇಕು, ಪತ್ರಿಕೆಗಳು ಬೆಳಿಗ್ಗೆಯೇ ಮೇಜಿನ ಮೇಲಿರಬೇಕು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಕುರ್ಚಿ, ಬೆಳಕು, ಕುಡಿಯುವ ನೀರು ಸಿಗಬೇಕು. ಪುಸ್ತಕಗಳಿರುವುದೇ ಬಳಕೆಗೆ ಎಂದು ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಗ್ರಂಥಾಲಯ ಶಾಸ್ತ್ರದ ಮೊದಲ ಸೂತ್ರ ಹಳೆಯ ಕಾಗದಗಳಿಗೂ ಅನ್ವಯಿಸುತ್ತದೆ. ಮಗಳು ಓದಿ ಕೆಲಸ ಹಿಡಿಯಲು ಈ ಗ್ರಂಥಾಲಯ ನೆರವಾಯಿತು ಎಂದು ನೆನೆಯುವ ತಂದೆಯೇ ಮುಂದೊಂದು ದಿನ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿ ನಿಮ್ಮ ಮುಂದಿಡುತ್ತಾರೆ. ಆ ವಿಶ್ವಾಸವನ್ನು ಸಂಪಾದಿಸದೆ ಸಂಗ್ರಹಕ್ಕೆ ಕೈ ಹಾಕಿದರೆ ಮನೆಗಳ ಬಾಗಿಲು ತೆರೆಯುವುದಿಲ್ಲ.

ಅನಂತರ ಒಂದು ಪುಟದ ಲಿಖಿತ ನೀತಿಯನ್ನು ಸಿದ್ಧಪಡಿಸಿ, ಗ್ರಂಥಾಲಯ ಸಮಿತಿಯ ಸಭೆಯಲ್ಲಿ ಒಪ್ಪಿಗೆ ಪಡೆಯಿರಿ. ಯಾವ ಭೌಗೋಳಿಕ ವ್ಯಾಪ್ತಿಯ ಸಾಮಗ್ರಿಯನ್ನು ಸಂಗ್ರಹಿಸುತ್ತೀರಿ, ಏನನ್ನು ಸ್ವೀಕರಿಸುವುದಿಲ್ಲ, ಯಾರು ನೋಡಬಹುದು, ಬೀಗದ ಕೈ ಯಾರ ಬಳಿ ಇರುತ್ತದೆ ಎಂಬಿಷ್ಟು ಅದರಲ್ಲಿದ್ದರೆ ಸಾಕು. ಕೆಲಸವನ್ನು ಒಬ್ಬರೇ ಮಾಡದೆ ಸಹಾಯಕರಿಗೂ ಹಂಚಿಕೊಡಿ. ಕಟ್ಟು ಬಿಚ್ಚುವುದನ್ನೂ ಪುಟ ಎಣಿಸುವುದನ್ನೂ ಅವರಿಗೆ ಕಲಿಸಿ, ದಾಖಲೆ ಪುಸ್ತಕದಲ್ಲಿ ಅವರ ಸಹಿಯೂ ಇರಲಿ. ಹಣದ ಮಾತು ಬಂದಾಗ ಸಂಕೋಚ ಬೇಡ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದಂತೆ ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರವನ್ನು ಜನ ಕಟ್ಟುತ್ತಿದ್ದಾರೆ. ಒಂದು ಉಕ್ಕಿನ ಕಪಾಟು, ಆಮ್ಲರಹಿತ ಕಾಗದ, ಸ್ಕ್ಯಾನರ್ ಕೇಳುವಾಗ ಅದು ಅದೇ ಜನರ ದಾಖಲೆಗಳಿಗಾಗಿ ಅವರದೇ ಹಣವೆಂದು ಸ್ಪಷ್ಟವಾಗಿ ಬರೆಯಿರಿ.

ಮುದ್ರಿತ ಆಧಾರಗಳಿಂದ ಆರಂಭಿಸುವುದು

ಮನೆಮನೆಗೆ ಹೋಗುವ ಮೊದಲು ನಿಮ್ಮ ತಾಲ್ಲೂಕಿನ ಬಗ್ಗೆ ಈಗಾಗಲೇ ಅಚ್ಚಾಗಿರುವುದನ್ನು ಪೂರ್ತಿಯಾಗಿ ತಿಳಿದುಕೊಳ್ಳಬೇಕು. ಇದಕ್ಕೆ ಅತ್ಯುತ್ತಮ ಉಪಾಯವೆಂದರೆ ಗ್ರಾಮವಾರು ಸೂಚಿ. ತಾಲ್ಲೂಕಿನ ಪ್ರತಿಯೊಂದು ಗ್ರಾಮಕ್ಕೂ ಒಂದು ಚೀಟಿಯನ್ನೋ ಕಂಪ್ಯೂಟರಿನಲ್ಲಿ ಒಂದು ಸಾಲನ್ನೋ ಮೀಸಲಿಟ್ಟು, ಆ ಗ್ರಾಮದ ಉಲ್ಲೇಖ ಯಾವ ಪುಸ್ತಕದ ಎಷ್ಟನೆಯ ಪುಟದಲ್ಲಿದೆ ಎಂದು ಗುರುತಿಸುತ್ತಾ ಹೋಗಿ. ಜನವಸತಿ ಇಲ್ಲದ ಬೇಚರಾಕ್ ಗ್ರಾಮಗಳನ್ನೂ ಬಿಡಬೇಡಿ. ಕಂದಾಯದ ಲೆಕ್ಕದಲ್ಲಿ ಮಾತ್ರ ಉಳಿದಿರುವ ಆ ಹೆಸರುಗಳೇ ಎಷ್ಟೋ ಶಾಸನಗಳಲ್ಲಿ ತುಂಬಿದ ಊರುಗಳಾಗಿ ಕಾಣಿಸುತ್ತವೆ.

ಹಳೆಯ ಮೈಸೂರು ಸೀಮೆಯವರಿಗೆ ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳೇ ಮೊದಲ ಆಧಾರ. ಅಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಡಲಾಗಿದೆ. ಆದರೆ ಆ ತಾಲ್ಲೂಕುಗಳ ಗಡಿ ಇಂದಿನದಲ್ಲವಾದ್ದರಿಂದ, ನಿಮ್ಮ ಹೊಸ ತಾಲ್ಲೂಕಿನ ಹಳ್ಳಿಗಳು ಆಗ ಯಾವ ತಾಲ್ಲೂಕಿಗೆ ಸೇರಿದ್ದವು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಹೊರತಂದಿರುವ ಪರಿಷ್ಕೃತ ಸಂಪುಟಗಳಲ್ಲಿ ಸಂಖ್ಯೆಗಳು ಬೇರೆಯಾಗಿರುವುದರಿಂದ ಎರಡನ್ನೂ ಬರೆದುಕೊಳ್ಳಿ. ಧಾರವಾಡ, ವಿಜಯಪುರದ ಕಡೆಯವರು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್ ಎಂಬ ಶಾಸನ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳನ್ನೂ ಬಳ್ಳಾರಿಯ ಕಡೆಯವರು 9ನೆಯ ಸಂಪುಟವನ್ನೂ ನೋಡಬೇಕು. ಇವುಗಳ ಜೊತೆಗೆ ಗೆಜೆಟಿಯರುಗಳು, 1800-01ರಲ್ಲಿ ಈ ನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕನನ್‌ನ ಪ್ರವಾಸ ಕಥನ, ಕಾಲಿನ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳು ಎಂಬ ಊರುಗಳ ವೃತ್ತಾಂತಗಳು, ಜನಗಣತಿಯ ಪುಸ್ತಕಗಳು ಸೇರಲಿ. ಈ ಸೂಚಿ ಸಿದ್ಧವಾದ ಮೇಲೆ ಶಾಲೆಯ ಮಕ್ಕಳು, ಉಪನ್ಯಾಸಕರು, ಪತ್ರಕರ್ತರು ಯಾರೇ ಬಂದು ತಮ್ಮ ಊರಿನ ಬಗ್ಗೆ ಕೇಳಿದರೂ ಕೆಲವೇ ನಿಮಿಷಗಳಲ್ಲಿ ಆಧಾರ ಸಹಿತ ಉತ್ತರ ಕೊಡಬಲ್ಲಿರಿ. ನನ್ನ ದೃಷ್ಟಿಯಲ್ಲಿ ಗ್ರಂಥಪಾಲಕರೊಬ್ಬರು ತಮ್ಮ ತಾಲ್ಲೂಕಿಗೆ ಕೊಡಬಹುದಾದ ಮೊದಲ ಸಂಶೋಧನ ಕೃತಿ ಇದೇ.

ಮನೆಗಳಲ್ಲಿರುವ ಕಾಗದಪತ್ರ

1961ರ ಗ್ರಾಮ ಹುದ್ದೆಗಳ ರದ್ದತಿ ಅಧಿನಿಯಮದ ಫಲವಾಗಿ ಶಾನುಭೋಗ, ಪಟೇಲರ ವಂಶಪಾರಂಪರ್ಯ ಹುದ್ದೆಗಳು ಕೊನೆಗೊಂಡವು. ಹುದ್ದೆ ಹೋದರೂ ತಲೆಮಾರುಗಳಿಂದ ಬಂದ ಲೆಕ್ಕದ ಕಟ್ಟುಗಳು ಎಷ್ಟೋ ಮನೆಗಳ ಅಟ್ಟದಲ್ಲಿಯೇ ಉಳಿದವು. ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ ಅವು ಒಲೆಗೋ ಗುಜರಿಗೋ ಸೇರುತ್ತಿವೆ. ಆದ್ದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ. ಆದರೆ ಶಾನುಭೋಗರ ಕಟ್ಟುಗಳಷ್ಟನ್ನೇ ಚರಿತ್ರೆಯೆಂದು ಭಾವಿಸಿದರೆ ಸಂಗ್ರಹ ಕೆಲವೇ ಮನೆತನಗಳ ಕಥೆಯಾಗಿ ಉಳಿಯುತ್ತದೆ. ಸಹಕಾರ ಸಂಘದ ವಾರ್ಷಿಕ ವರದಿ, ಸಂತೆಯ ಸುಂಕದ ರಶೀದಿ, ಬಯಲಾಟದ ಕರಪತ್ರ, ಮದುವೆಯ ಕರೆಯೋಲೆ, ಶಾಲೆಯ ಸ್ಮರಣ ಸಂಚಿಕೆ, ಮಹಿಳಾ ಸಮಾಜದ ನಡಾವಳಿ, ಕೂಲಿ ಸಂಘಟನೆಗಳ ಮನವಿಪತ್ರ, ಜೀತಕ್ಕೆ ಬರೆಸಿಕೊಂಡ ಪತ್ರ, ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿದಾರರು ಭೂನ್ಯಾಯಮಂಡಳಿಗೆ ಸಲ್ಲಿಸಿದ ಅರ್ಜಿಯ ಪ್ರತಿ, ಇವೆಲ್ಲವೂ ಬೇಕು. ಬರೆದಿಟ್ಟ ಕಾಗದವೇ ಇಲ್ಲದ ಕೇರಿಗಳ ಚರಿತ್ರೆಯನ್ನು ಬೇರೆ ದಾರಿಯಿಂದ ಕೂಡಿಸಬೇಕಾಗುತ್ತದೆ. ಅದನ್ನು ಮುಂದೆ ಹೇಳಿದ್ದೇನೆ.

ಮನೆಗೆ ಹೋಗುವಾಗ ಆ ಮನೆಯವರು ನಂಬುವ ಊರಿನ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಮೊದಲ ಭೇಟಿಯಲ್ಲಿ ಕೊಡಿ ಎಂದು ಕೇಳಬೇಡಿ, ನೋಡಬಹುದೇ ಎಂದು ಕೇಳಿ. ಕೊಡಲು ಮನಸ್ಸಿಲ್ಲದವರಿಂದ ಸ್ಕ್ಯಾನ್ ಮಾಡಲು ಎರವಲು ಪಡೆಯಬಹುದು. ಎಷ್ಟು ಹಾಳೆಗಳೆಂದು ಅವರೆದುರಿಗೇ ಎಣಿಸಿ, ಹಿಂದಿರುಗಿಸುವ ದಿನವನ್ನು ಬರೆದ ರಶೀದಿ ಕೊಟ್ಟು, ಆ ದಿನ ತಪ್ಪದೆ ತಲುಪಿಸಿ. ದಾನವಾಗಿ ಕೊಟ್ಟರೆ ಮನೆಯ ಹಿರಿಯರಿಂದ ಸಹಿ ಮಾಡಿಸಿದ ದಾನಪತ್ರವಿರಲಿ. ಅದರಲ್ಲಿ ಪ್ರಕಟಣೆಗೆ ಒಪ್ಪಿಗೆ ಇದೆಯೇ, ಯಾವುದಾದರೂ ಭಾಗವನ್ನು ಇಂತಿಷ್ಟು ವರ್ಷ ಮುಚ್ಚಿಡಬೇಕೇ ಎಂಬುದು ಸ್ಪಷ್ಟವಾಗಬೇಕು. ಹಣ ಕೊಟ್ಟು ಕೊಳ್ಳುವ ಅಭ್ಯಾಸವನ್ನು ಆರಂಭಿಸಬಾರದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಮ್ಮೆ ಬೆಲೆ ಕಟ್ಟಿದರೆ ದಲ್ಲಾಳಿಗಳು ನಿಮಗಿಂತ ಮೊದಲೇ ಆ ಮನೆ ತಲುಪುತ್ತಾರೆ. 75 ವರ್ಷಕ್ಕೂ ಹಿಂದಿನ, ಚಾರಿತ್ರಿಕವಾಗಿಯೋ ಸಾಹಿತ್ಯಿಕವಾಗಿಯೋ ಮೌಲ್ಯವುಳ್ಳ ಹಸ್ತಪ್ರತಿಗಳು 1972ರ ಪುರಾವಸ್ತು ಮತ್ತು ಕಲಾನಿಧಿ ಅಧಿನಿಯಮದ ವ್ಯಾಪ್ತಿಗೆ ಬರುತ್ತವೆ ಎಂಬುದೂ ನೆನಪಿನಲ್ಲಿರಲಿ.

ಕಟ್ಟನ್ನು ಬಿಚ್ಚಿದ ಮೇಲೆ ಹಾಳೆಗಳ ಕ್ರಮವನ್ನು ಬದಲಿಸಬೇಡಿ. ವಿಷಯವಾರು ಜೋಡಿಸುವುದು ಪುಸ್ತಕಗಳಿಗೆ ಒಪ್ಪುವ ಪದ್ಧತಿ. ಮನೆಯ ಕಾಗದಗಳಿಗೆ ಅದು ಹಾನಿಕರ. ಒಂದು ಕ್ರಯಪತ್ರದ ಜೊತೆ ಒಂದು ವೈದ್ಯದ ಚೀಟಿ ಕಟ್ಟಿದ್ದರೆ, ಹೊಲ ಮಾರಿದ್ದು ಯಾರ ಕಾಯಿಲೆಗಾಗಿ ಎಂಬುದು ಆ ಸಾಮೀಪ್ಯದಿಂದಲೇ ತಿಳಿಯಬಹುದು; ಅವೆರಡನ್ನು ಬೇರೆ ಮಾಡಿದರೆ ಆ ಸುಳಿವು ಶಾಶ್ವತವಾಗಿ ಅಳಿದುಹೋಗುತ್ತದೆ. ಪ್ರತಿ ಹಾಳೆಯ ಮೂಲೆಯಲ್ಲಿ ಮೆದು ಪೆನ್ಸಿಲಿನಿಂದ ಕಟ್ಟಿನ ಸಂಖ್ಯೆ ಮತ್ತು ಹಾಳೆಯ ಸಂಖ್ಯೆಯನ್ನು ಬರೆಯಿರಿ. ದಾಖಲೆ ಪುಸ್ತಕದಲ್ಲಿ ಕೊಟ್ಟವರ ಹೆಸರು, ಊರು, ಕೈಗೆ ಬಂದ ದಿನಾಂಕ, ದೊರೆತ ಜಾಗ, ಅಳತೆ, ಲಿಪಿ, ಭಾಷೆ, ಸ್ಥಿತಿ, ಮೊದಲ ಸಾಲು, ಕೊನೆಯ ಸಾಲು ಇಷ್ಟನ್ನೂ ತುಂಬಿಸಿ.

ಲಿಪಿಯ ವಿಷಯದಲ್ಲಿ ಸೀಮೆಯಿಂದ ಸೀಮೆಗೆ ವ್ಯತ್ಯಾಸವಿದೆ. ಬೆಳಗಾವಿ, ಧಾರವಾಡದ ಕಡೆ ಮರಾಠಿಯ ಹಳೆಯ ಕೂಡುಬರಹವಾದ ಮೋಡಿ, ಕಲಬುರಗಿ, ಬೀದರ್ ಕಡೆ ಉರ್ದು ಮತ್ತು ಪಾರಸಿ, ಕರಾವಳಿ ಮಲೆನಾಡುಗಳಲ್ಲಿ ಹೆಚ್ಚಾಗಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ತಿಗಳಾರಿ ಎದುರಾಗುತ್ತವೆ. ನಿಮ್ಮ ಸೀಮೆಗೆ ಅಗತ್ಯವಾದ ಒಂದು ಲಿಪಿಯನ್ನಾದರೂ ಕಲಿಯಿರಿ, ಉಳಿದವಕ್ಕೆ ಓದಬಲ್ಲ ಹಿರಿಯರನ್ನು ಹುಡುಕಿಟ್ಟುಕೊಳ್ಳಿ. ಕಾಲ ನಿರ್ಣಯದಲ್ಲಿ ಆತುರ ಸಲ್ಲದು. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ, ವರ್ಷದ ಕೊನೆಯ ತಿಂಗಳುಗಳಿಗೆ 79. ನಿಜಾಮ ಸೀಮೆಯ ಫಸಲಿ ಎಂಬ ಕಂದಾಯ ವರ್ಷಕ್ಕೆ ಸುಮಾರು 590ನ್ನು ಕೂಡಿಸಬೇಕು. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುವುದರಿಂದ ಅದೊಂದನ್ನೇ ನಂಬಿ ಕಾಲ ಹೇಳಲಾಗದು. ತಿಥಿ ವಾರಗಳನ್ನು ತಾಳೆ ನೋಡಲು ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ ಅವರ ಕೋಷ್ಟಕಗಳನ್ನು ಬಳಸಿ. ಮೂಲದಲ್ಲಿರುವ ಕಾಲವನ್ನು ಇದ್ದಂತೆಯೇ ಬರೆದು, ನೀವು ಲೆಕ್ಕ ಹಾಕಿದ್ದನ್ನು ಪ್ರತ್ಯೇಕ ಅಂಕಣದಲ್ಲಿ ನಮೂದಿಸಿದರೆ ಮುಂದಿನವರು ನಿಮ್ಮ ಲೆಕ್ಕವನ್ನು ಪರೀಕ್ಷಿಸಬಲ್ಲರು.

ಸಂರಕ್ಷಣೆಗೆ ದುಬಾರಿ ಯಂತ್ರ ಬೇಕಿಲ್ಲ, ಸಂಯಮ ಬೇಕು. ಮೆದುವಾದ ಕುಂಚದಿಂದ ಧೂಳು ತೆಗೆಯಿರಿ. ಹರಿದ ಕಡೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ, ರಬ್ಬರ್ ಬ್ಯಾಂಡ್ ಮತ್ತು ಗುಂಡುಪಿನ್ನುಗಳನ್ನು ತೆಗೆದು ಹತ್ತಿಯ ಪಟ್ಟಿಯಿಂದ ಕಟ್ಟಿ. ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರವಿಡಿ. ಮಳೆಗಾಲದಲ್ಲಿ ಪ್ರತಿ ವಾರವೂ ಗೆದ್ದಲು, ಬೂಷ್ಟು ಕಾಣಿಸಿದೆಯೇ ಎಂದು ನೋಡಿ. ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಲೇಪಿಸಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಕಡತಗಳು ದೊರೆತರೆ ಒದ್ದೆ ಬಟ್ಟೆ ತಾಗಿಸಲೇಬೇಡಿ, ಬರಹವೇ ಅಳಿಸಿಹೋಗುತ್ತದೆ. ಓಲೆಗರಿಗಳಿಗೆ ಎಣ್ಣೆ ಸವರುವ ಕೆಲಸವನ್ನು ತಿಳಿದವರಿಗೇ ಬಿಡಬೇಕು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳಲ್ಲಿ ಹಸ್ತಪ್ರತಿಗಳನ್ನು ಬಲ್ಲವರಿದ್ದಾರೆ, ಕೇಳಲು ಹಿಂಜರಿಯಬೇಡಿ.

ಹೇಳಿದ ಮಾತುಗಳನ್ನು ದಾಖಲಿಸುವುದು

ಕಾಗದವಿಲ್ಲದವರ ಚರಿತ್ರೆ ಮಾತಿನಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಜನ ನವನಗರಕ್ಕೆ ಬರಬೇಕಾಯಿತು. ಅಂಥ ಊರುಗಳ ಕೇರಿಗಳು, ಬಾವಿಗಳು, ದೇವರ ಬನಗಳು, ಹೊಲಗಳ ಹೆಸರುಗಳು ಈಗ ಮುದುಕರ ನೆನಪಿನಲ್ಲಿ ಮಾತ್ರ ಉಳಿದಿವೆ. ಮೊದಲು 80 ದಾಟಿದವರ ಪಟ್ಟಿ ಮಾಡಿ, ಅವರಿಂದಲೇ ಆರಂಭಿಸಿ. ಮಾತನಾಡುವವರ ಮನೆಯಲ್ಲೇ, ಅವರಿಗೆ ಅನುಕೂಲವಾದ ಹೊತ್ತಿನಲ್ಲಿ ಕುಳಿತು, ದಾಖಲಿಸುವ ಉದ್ದೇಶವನ್ನು ವಿವರಿಸಿ, ಒಪ್ಪಿಗೆಯನ್ನು ಧ್ವನಿಮುದ್ರಣದ ಆರಂಭದಲ್ಲೇ ಪಡೆಯಿರಿ. ಹೆಂಗಸರು ಗಂಡಸರೆದುರು ಹೇಳದ ಸಂಗತಿಗಳು ಬಹಳವಿರುತ್ತವೆ; ಅವರ ಬಳಿ ಮಹಿಳಾ ಸಿಬ್ಬಂದಿಯನ್ನೋ ಕಾಲೇಜಿನ ವಿದ್ಯಾರ್ಥಿನಿಯರನ್ನೋ ಕಳುಹಿಸಿ. ಬರಹಕ್ಕೆ ಇಳಿಸುವಾಗ ಅವರ ಆಡುಮಾತನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಹೇಳಿದವರಿಗೆ ಓದಿ ಕೇಳಿಸಿ, ಬೇಡವೆಂದ ಭಾಗವನ್ನು ಮರುಮಾತಿಲ್ಲದೆ ತೆಗೆಯಿರಿ.

ಪಟ್ಟಿ ಮತ್ತು ಪ್ರಕಟಣೆ

ತಂತ್ರಾಂಶದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೋಹಾ ಅಥವಾ ಇ-ಗ್ರಂಥಾಲಯ ಯಾವುದಾದರೂ ಆದೀತು, ಆದರೆ ಕನ್ನಡವನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ತುಂಬಿಸಿದ ಪಟ್ಟಿಗಳನ್ನು ಪರಿವರ್ತಿಸಿಕೊಳ್ಳದೆ ಇಂದು ಹುಡುಕಲಾಗದು. ಡ್ಯೂಯಿ ವರ್ಗೀಕರಣದಲ್ಲಿ ಕರ್ನಾಟಕದ ಚರಿತ್ರೆಗೆ 954.87 ಎಂಬ ಸಂಖ್ಯೆಯಿದ್ದು, ಅದರ ಮುಂದೆ ತಾಲ್ಲೂಕಿನ ಸಂಕೇತ ಸೇರಿಸಿಕೊಳ್ಳಬಹುದು. ಊರಿನ ಹೆಸರುಗಳಿಗೆ ಒಂದು ಪ್ರಮಾಣಪಟ್ಟಿ ಅವಶ್ಯ. 2014ರ ನವೆಂಬರ್ 1ರಂದು ಬೆಳಗಾವಿ, ಕಲಬುರಗಿ ಮೊದಲಾದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾದವು; ಹಳೆಯ ದಾಖಲೆಗಳಲ್ಲಿ ಬೆಳಗಾಂ, ಗುಲ್ಬರ್ಗಾ ಎಂದೇ ಇರುತ್ತದೆ, ಶಾಸನಗಳಲ್ಲಿ ಮತ್ತೂ ಬೇರೆ ರೂಪಗಳಿರುತ್ತವೆ. ಎಲ್ಲ ರೂಪಗಳಿಂದಲೂ ಒಂದೇ ಊರಿಗೆ ದಾರಿ ಸಿಗುವಂತೆ ಮಾಡಿ.

ಸಂಶೋಧಕರಾಗಿ ಬರೆಯುವಾಗ ಚಿಕ್ಕದರಿಂದ ತೊಡಗಿ. ಒಂದೇ ಕಾಗದವನ್ನು ತೆಗೆದುಕೊಂಡು ಅದರ ಚಿತ್ರ, ಅಕ್ಷರಶಃ ಪಾಠ, ಕಠಿಣ ಪದಗಳ ಅರ್ಥ, ಹಿನ್ನೆಲೆಯ ಟಿಪ್ಪಣಿ ಇಷ್ಟನ್ನು ನಾಲ್ಕು ಪುಟದಲ್ಲಿ ಕೊಟ್ಟರೆ ಅದು ಹತ್ತು ಪುಸ್ತಕಗಳನ್ನು ಕೂಡಿಸಿ ಬರೆದ ತಾಲ್ಲೂಕು ದರ್ಶನಕ್ಕಿಂತ ಬಹುಕಾಲ ಉಪಯೋಗಕ್ಕೆ ಬರುತ್ತದೆ. ಸ್ಥಳಪುರಾಣ, ಕೈಫಿಯತ್ತು, ಶಾಸನ ಮೂರನ್ನೂ ಗೌರವಿಸಿ, ಆದರೆ ಬೆರೆಸಬೇಡಿ. ಊರು ತನ್ನ ಬಗ್ಗೆ ಏನು ನಂಬಿದೆ ಎಂಬುದಕ್ಕೆ ಸ್ಥಳಪುರಾಣ ಆಧಾರವೇ ಹೊರತು, ಆ ಘಟನೆ ನಡೆದದ್ದಕ್ಕಲ್ಲ. ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನ, ಬೆಂಗಳೂರಿನ ಮಿಥಿಕ್ ಸೊಸೈಟಿಯ ತ್ರೈಮಾಸಿಕ ಪತ್ರಿಕೆ ಇಂಥ ಬರಹಗಳಿಗೆ ಸೂಕ್ತ ವೇದಿಕೆಗಳು. ಬೇರೆ ಸಂಶೋಧಕರು ನಿಮ್ಮ ಸಂಗ್ರಹವನ್ನು ಬಳಸಲು ಬಂದರೆ, ನೀವು ಬರೆಯಬೇಕೆಂದಿರುವ ವಿಷಯವಾಗಿದ್ದರೂ ಅವರಿಂದ ಬಚ್ಚಿಡಬಾರದು. ಗ್ರಂಥಪಾಲಕ ಎಂಬ ಹೊಣೆ ಇಲ್ಲಿ ಸಂಶೋಧಕ ಎಂಬ ಆಸೆಗಿಂತ ದೊಡ್ಡದು.

ಜನರಿಗೆ ಹಿಂದಿರುಗಿಸುವಾಗ

ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹದಲ್ಲಿ ಒಂದು ಗ್ರಾಮವನ್ನು ಆರಿಸಿಕೊಂಡು ಅದರ ಚಿತ್ರಗಳನ್ನೂ ದಾಖಲೆಗಳ ಪ್ರತಿಗಳನ್ನೂ ಆ ಊರಿನ ಶಾಲೆಯಲ್ಲೇ ಪ್ರದರ್ಶಿಸಿ. ಮೂಲಗಳನ್ನು ಹೊರಗೆ ಒಯ್ಯಬೇಡಿ. ಹಳೆಯ ಚಿತ್ರಗಳ ಕೆಳಗೆ ಖಾಲಿ ಕಾಗದ ಅಂಟಿಸಿದರೆ, ಚಿತ್ರದಲ್ಲಿರುವವರನ್ನು ಗುರುತಿಸಿ ಊರಿನವರೇ ಹೆಸರು ಬರೆಯುತ್ತಾರೆ. ಅವನ್ನು ಇಬ್ಬರು ಹಿರಿಯರಿಂದ ಖಚಿತಪಡಿಸಿಕೊಂಡು ಪಟ್ಟಿಗೆ ಸೇರಿಸಿ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಜಮೀನು ಮತ್ತು ಜಾತಿಯ ವಿಷಯದಲ್ಲಿ. ವ್ಯಾಜ್ಯವಿರುವವರು ಹಳೆಯ ಕರಾರುಪತ್ರ ಹುಡುಕಿಕೊಂಡು ಬಂದೇ ಬರುತ್ತಾರೆ. ನೋಡಲು ಅವಕಾಶವಿರುವ ಕಾಗದವಾದರೆ ಎರಡೂ ಪಕ್ಷದವರಿಗೂ ಒಂದೇ ರೀತಿಯಲ್ಲಿ ತೋರಿಸಿ; ಅದರ ಅರ್ಥವನ್ನು ಅವರ ಪರವಾಗಿಯೋ ವಿರುದ್ಧವಾಗಿಯೋ ವಿವರಿಸಬೇಡಿ, ದೃಢೀಕೃತ ಪ್ರತಿ ಬೇಕಾದವರನ್ನು ಉಪನೋಂದಣಾಧಿಕಾರಿ ಅಥವಾ ತಾಲ್ಲೂಕು ಕಚೇರಿಗೆ ಕಳುಹಿಸಿ. ಬದುಕಿರುವವರ ಕುಟುಂಬಕ್ಕೆ ಅವಮಾನವಾಗುವ ಪತ್ರಗಳನ್ನು ನಾಶ ಮಾಡಬೇಡಿ, ಪ್ರದರ್ಶನಕ್ಕೂ ಇಡಬೇಡಿ. ಜೀತದ ಪತ್ರದಲ್ಲಿ ಹೆಬ್ಬೆಟ್ಟು ಒತ್ತಿದವರ ಮೊಮ್ಮಕ್ಕಳು ಅದೇ ಊರಿನಲ್ಲಿದ್ದರೆ, ಅದನ್ನು ಪ್ರಕಟಿಸುವ ಮೊದಲು ಅವರ ಮಾತು ಕೇಳಬೇಕು. ಹಕ್ಕುಸ್ವಾಮ್ಯದ ನಿಯಮಗಳೂ ಗೊತ್ತಿರಲಿ. ಪುಸ್ತಕದ ಹಕ್ಕು ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷದವರೆಗೆ ಇರುತ್ತದೆ. ದೇಶದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮಾಡಿಕೊಳ್ಳಬಹುದು. ತನ್ನಲ್ಲಿರುವ ಪ್ರತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿಯೂ ಇಡಬಹುದು. ಹಾಗೆಂದು ಅದನ್ನು ಅಂತರಜಾಲದಲ್ಲಿ ಎಲ್ಲರಿಗೂ ಹಂಚಬಹುದೆಂದು ತಿಳಿಯಬಾರದು.

ವರ್ಗಾವಣೆಯ ದಿನಕ್ಕೆ ಸಿದ್ಧತೆ

ಸ್ಥಳೀಯ ಚರಿತ್ರೆಯ ಸಂಗ್ರಹಗಳು ಗೆದ್ದಲಿನಿಂದ ಹಾಳಾದಷ್ಟೇ ವರ್ಗಾವಣೆಯಿಂದಲೂ ಹಾಳಾಗಿವೆ. ಕಟ್ಟಿದವರು ಹೊರಟುಹೋದ ಮೇಲೆ ಕಪಾಟಿನಲ್ಲಿ ಏನಿದೆಯೆಂದು ಬಲ್ಲವರಿಲ್ಲದೆ, ಮುಂದಿನ ಸ್ವಚ್ಛತಾ ಕಾರ್ಯದಲ್ಲಿ ಅದು ರದ್ದಿಯಾಗುತ್ತದೆ. ಆದ್ದರಿಂದ ಹಸ್ತಾಂತರದ ಕಡತವನ್ನು ಮೊದಲ ವರ್ಷದಿಂದಲೇ ಇಟ್ಟುಕೊಂಡು, ಪ್ರತಿ ಮಾರ್ಚ್ ಕೊನೆಗೆ ತಿದ್ದುತ್ತಾ ಬನ್ನಿ. ಅದರಲ್ಲಿ ಸಮಿತಿ ಒಪ್ಪಿದ ನೀತಿ, ದಾಖಲೆ ಪುಸ್ತಕದ ಪ್ರತಿ, ದಾನಪತ್ರಗಳು, ಎರವಲು ಪಡೆದು ಇನ್ನೂ ಹಿಂದಿರುಗಿಸದ ಕಟ್ಟುಗಳ ಪಟ್ಟಿ, ಮುಚ್ಚಿಡಬೇಕಾದ ಪತ್ರಗಳು ಮತ್ತು ಅವುಗಳ ಅವಧಿ, ಮೋಡಿಯನ್ನೋ ತಿಗಳಾರಿಯನ್ನೋ ಓದಿಕೊಡುವವರ ವಿವರ, ಮಾತು ದಾಖಲಿಸಬೇಕಾಗಿರುವ ಹಿರಿಯರ ಪಟ್ಟಿ ಇರಲಿ. ಸ್ಕ್ಯಾನ್ ಮಾಡಿದ ಚಿತ್ರಗಳ ಮೂರು ಪ್ರತಿಗಳಿದ್ದು, ಒಂದು ಬೇರೆ ಊರಿನ ಸಂಸ್ಥೆಯಲ್ಲಿರಬೇಕು. ಹೊಸಬರು ಬಂದಾಗ ಸಾಧ್ಯವಾದರೆ ಅವರನ್ನು ಕಟ್ಟು ಕೊಟ್ಟ ಮನೆಗಳಿಗೆ ನೀವೇ ಕರೆದೊಯ್ದು ಪರಿಚಯಿಸಿ, ಆಮೇಲೆ ಸಹಿ ಹಾಕಿ ಬೀಗದ ಕೈ ಒಪ್ಪಿಸಿ.